ಅಕ್ಕಿಗೆ ಅಡ್ಡ ನಿಂತ ಕಾರು

ಪಡಿತರ ಚೀಟಿ ಕೊಡುವ ಕೆಲಸದಲ್ಲಿ ಇದ್ದವನಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ಜನ ತಾವಾಗಿಯೇ ಬಂದು, ಸಾಲಿನಲ್ಲಿ ನಿಂತು, ನಗಿಸಿ ಹೋಗುತ್ತಾರೆ. ನಾನು ಯಲಹಂಕದ ಕಡೆ ಆಹಾರ ನಿರೀಕ್ಷಕನಾಗಿದ್ದೆ. ಜನರ ಬಾಯಲ್ಲಿ ‘ಫುಡ್ ಇನ್‌ಸ್ಪೆಕ್ಟ್ರು’. ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನನ್ನು ನಗಿಸುವವರು ಯಾರೂ ಇಲ್ಲ, ನನ್ನ ಹೆಂಡತಿಗಂತೂ ಆ ಅಭ್ಯಾಸವೇ ಇಲ್ಲ. ಹಾಗಾಗಿ ಹಳೆಯದನ್ನೇ ನೆನೆದು ನಗುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಹೆಬ್ಬಾಳದಲ್ಲಿ ಮೇಲ್ಸೇತುವೆ ಇರಲಿಲ್ಲ, ಜಕ್ಕೂರಿನ ತುಂಬ ದ್ರಾಕ್ಷಿ ತೋಟ ಇತ್ತು. ಸೀಮೆಎಣ್ಣೆ ಬರುವ ದಿನ ಜನ ತಮ್ಮ ಬದಲು ಕ್ಯಾನುಗಳನ್ನು ಸಾಲಿನಲ್ಲಿ ನಿಲ್ಲಿಸಿ, ಅರಳಿಕಟ್ಟೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದರು. ಒಬ್ಬರ ಕ್ಯಾನನ್ನು ಇನ್ನೊಬ್ಬರು ಒಂದು ಗೇಣು ಸರಿಸುತ್ತಿರಲಿಲ್ಲ. ಆ ಮರ್ಯಾದೆ ಈಗ ಮನುಷ್ಯರೇ ನಿಂತಿದ್ದರೂ ಸಿಗುವುದಿಲ್ಲ. ಆಮೇಲೆ ದ್ರಾಕ್ಷಿ ತೋಟ ಹೋಯಿತು, ಅದೇ ಜಾಗದಲ್ಲಿ ನಾಲ್ಕು ಮಹಡಿ ಎದ್ದವು. ಮನೆ ಎಷ್ಟು ಮಹಡಿ ಎದ್ದರೂ ಆ ಮನೆಯ ಕಾರ್ಡು ಮಾತ್ರ ಬಡತನ ರೇಖೆ ಬಿಟ್ಟು ಮೇಲೆ ಏಳಲಿಲ್ಲ. ನನ್ನ ಕೊನೆಯ ವರ್ಷಗಳ ಕಥೆಯೆಲ್ಲ ಇದರಿಂದಲೇ ಹುಟ್ಟಿದ್ದು.

ಮೂರು ಬಗೆಯ ಆದಾಯ

ಬಿಪಿಎಲ್ ಕಾರ್ಡಿಗೆ ನಿಯಮಗಳಿವೆ. ವರ್ಷದ ಆದಾಯ ಒಂದು ಲಕ್ಷದ ಇಪ್ಪತ್ತು ಸಾವಿರ ದಾಟಬಾರದು, ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇರಬಾರದು, ಹೀಗೆ. ನಮ್ಮ ಕಡೆಯ ಜನ ಕಾನೂನು ಓದದಿದ್ದರೂ ಈ ಗೆರೆಯನ್ನು ಚೆನ್ನಾಗಿ ಬಲ್ಲರು. ಗೆರೆಯ ಒಂದು ಬೆರಳು ಕೆಳಗೇ ಎಲ್ಲರ ಆದಾಯವೂ ಬಂದು ನಿಲ್ಲುತ್ತಿತ್ತು.

ಬಾಗಲಗುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರೊಬ್ಬರು ಅರ್ಜಿ ಹಿಡಿದು ಬಂದರು. ಬೆರಳಲ್ಲಿ ಉಂಗುರ, ಕೊರಳಲ್ಲಿ ಸರ. ಆದಾಯದ ಜಾಗ ಖಾಲಿ.

“ಇದೇನ್ ಸ್ವಾಮಿ, ಆದಾಯ ಬರ್ದೇ ಇಲ್ವಲ್ಲ?” ಅಂದೆ.

“ನೀವೇ ಹೇಳಿ ಸಾರ್, ಎಷ್ಟ್ ಬರೀಲಿ?”

“ನಿಮ್ ಆದಾಯ ನಂಗೆ ಹೆಂಗ್ರೀ ಗೊತ್ತಾಗುತ್ತೆ? ಇರೋದನ್ನ ಬರೀರಿ.”

ಅವರು ಪೆನ್ನು ಕಚ್ಚಿಕೊಂಡು ಯೋಚಿಸಿದರು. ಆಮೇಲೆ ಮುಂದೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದರು: “ಯಾವ್ದನ್ನ ಬರೀಲಿ ಸಾರ್? ಬ್ಯಾಂಕಿಗೆ ಹೇಳಿರೋದಾ, ಹೆಂಡ್ತಿಗೆ ಹೇಳಿರೋದಾ, ಇಲ್ಲಾ ನಿಮಗ್ ಹೇಳ್ಬೇಕು ಅಂತ ಇಟ್ಕೊಂಡಿರೋದಾ?”

ಇಲ್ಲದ ಕಾರು

ಇದೇ ಕಾಲದಲ್ಲಿ ಒಬ್ಬ ಅಡುಗೆಯಮ್ಮ ನಮ್ಮ ಕಚೇರಿಗೆ ಬಂದಳು. ಬ್ಯಾಟರಾಯನಪುರದ ಒಂದು ಸಂದಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗಂಡ ತೀರಿಹೋಗಿದ್ದ. ವಯಸ್ಸಾದ ಅತ್ತೆಯನ್ನು ಇವಳೇ ಸಾಕುತ್ತಿದ್ದಳು. ಎರಡು ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಇಡೀ ಹೆಬ್ಬಾಳದಲ್ಲಿ ಬಿಪಿಎಲ್ ಕಾರ್ಡು ಒಂದೇ ಒಂದು ಉಳಿಯುವುದಾದರೆ ಅದು ಇವಳಿಗೇ ಸಿಗಬೇಕು. ರದ್ದಾಗಿದ್ದೂ ಅದೇ ಕಾರ್ಡು.

ನಾನು ಕಂಪ್ಯೂಟರ್ ನೋಡಿದೆ. ‘ಕಾರ್ಡುದಾರರ ಹೆಸರಿನಲ್ಲಿ ನಾಲ್ಕು ಚಕ್ರದ ವಾಹನ ಇದೆ’ ಅಂತ ಬಂದಿತ್ತು. ಯಾವ ವಾಹನ, ಯಾವ ನಂಬರು, ಅದೇನೂ ನಮ್ಮ ಪರದೆಯ ಮೇಲೆ ಇರಲಿಲ್ಲ.

“ನಿನ್ ಹೆಸ್ರಲ್ಲಿ ಕಾರ್ ಇದೆ ಅಂತಿದೆಯಲ್ಲಮ್ಮ?” ಅಂದೆ.

ಅವಳು ತನ್ನ ಹವಾಯಿ ಚಪ್ಪಲಿಯನ್ನು ಒಮ್ಮೆ ನೋಡಿಕೊಂಡಳು. “ಸಾರ್, ನಂಗೆ ಬಸ್ಸಲ್ ಸೀಟೇ ಸಿಗಲ್ಲ.”

ಹಿಂದಿನ ಕಾಲವಾಗಿದ್ದರೆ ನಾನು ಅಲ್ಲೇ ಒಂದು ಸಹಿ ಹಾಕಿ, ಮೊಹರು ಒತ್ತಿ, “ಹೋಗಿ ಅಕ್ಕಿ ತಗೋ ತಾಯಿ” ಅಂದುಬಿಡುತ್ತಿದ್ದೆ. ಆಗ ಪೆನ್ನಿಗೆ ಮೊಳದುದ್ದ ಶಕ್ತಿ ಇತ್ತು. ಈಗ ಯಂತ್ರ ಒಪ್ಪಬೇಕು. ಆದರೂ ಮನೆ ತನಿಖೆ ಮಾಡೋಣ ಅಂತ ಹೊರಟೆ. ಸಂದಿಯೊಳಗೆ ನನ್ನ ಸ್ಕೂಟರೇ ನುಗ್ಗಲಿಲ್ಲ, ಇನ್ನು ಕಾರೆಲ್ಲಿ ಬಂತು? ನಡೆದುಕೊಂಡೇ ಹೋದೆ. ನಾನು ಬಂದ ವಿಷಯ ಗೊತ್ತಾದದ್ದೇ ತಡ, ಅಕ್ಕಪಕ್ಕದವರೆಲ್ಲ ಸೇರಿದರು.

ಚಾಪೆಯ ಮೇಲೆ ಕೂತಿದ್ದ ಅತ್ತೆ ದೇವನಹಳ್ಳಿ ಕಡೆಯ ಮುದುಕಿ. ಕಾರಿನ ಸುದ್ದಿ ಕೇಳಿ ಸೊಸೆಯನ್ನು ದುರುಗುಟ್ಟಿ ನೋಡಿತು. “ಎಲ್ ಮಡಗಿದೀಯೇ ಕಾರ್ನ? ನಂಗ್ ಒಂದ್ ಮಾತು ಏಳ್ಲಿಲ್ವಲ್ಲೇ! ಇಂಗಾ ಮಾಡಾದು?”

“ಅಯ್ಯೋ ಅತ್ತೆ, ಕಾರೂ ಇಲ್ಲ ಏನೂ ಇಲ್ಲ!”

“ಇಲ್ದಿದ್ರೆ ಸರ್ಕಾರದೋರು ಉಡುಕ್ಕಂಡ್ ಯಾಕ್ ಬತ್ತಾರೆ?”

ಪಕ್ಕದ ಮನೆಯ ಹೆಂಗಸು ತಿರುಪತಿಗೆ ಯಾವಾಗ ಕರೆದುಕೊಂಡು ಹೋಗುತ್ತೀಯ ಅಂತ ಕೇಳಿಯೇ ಬಿಟ್ಟಳು. ನಾನು ಅತ್ತೆಗೆ ಸಮಾಧಾನ ಹೇಳಿ, ಕಾರು ಕಂಡಿಲ್ಲ ಅಂತ ವರದಿ ಬರೆದು, ಸಾರಿಗೆ ಕಚೇರಿಗೂ ಒಂದು ಪತ್ರ ಹಾಕಿದೆ. ಉತ್ತರ ಬರಲಿಲ್ಲ. ಮುಂದಿನ ವಾರ ಅಡುಗೆಯಮ್ಮ ಮತ್ತೆ ಬಂದಳು. ಮುಖ ಸಪ್ಪಗಿತ್ತು. ಸಾಲದ್ದಕ್ಕೆ ಮನೆ ಮಾಲೀಕ ಬಂದು ಪಾರ್ಕಿಂಗಿಗೆ ಬಾಡಿಗೆ ಬೇರೆ ಕೊಡಬೇಕು ಅಂದಿದ್ದನಂತೆ.

ತಣ್ಣನೆಯ ದೇವರು

ನಮ್ಮ ಊರಲ್ಲಿ ನಿಯಮಕ್ಕಿಂತ ಗಾಳಿಸುದ್ದಿ ಬೇಗ ಓಡುತ್ತದೆ. ಮನೆಯಲ್ಲಿ ಫ್ರಿಜ್ಜು ಇದ್ದರೆ ಕಾರ್ಡು ಕಿತ್ತುಕೊಳ್ಳುತ್ತಾರೆ ಅಂತ ಯಾರೋ ಹಬ್ಬಿಸಿದರು. ಆರ್.ಟಿ. ನಗರದ ಒಂದು ಮನೆಗೆ ನಾನು ತನಿಖೆಗೆ ಹೋದಾಗ ಈ ಸುದ್ದಿ ಆಗಲೇ ಅಲ್ಲಿಗೆ ತಲುಪಿತ್ತು.

ನಡುಮನೆಯಲ್ಲಿ ನನ್ನೆತ್ತರದ ದೇವರ ಮಂಟಪ. ಕೆಂಪು ಜರಿಸೀರೆ ಉಡಿಸಿ, ಮೇಲೆ ಲಕ್ಷ್ಮಿಯ ಪಟ ಇಟ್ಟು, ಸೇವಂತಿಗೆ ಹಾರ ಹಾಕಿದ್ದರು. ನಾನು ಸಂಪ್ರದಾಯದವನು. ಚಪ್ಪಲಿ ಬಿಟ್ಟು, ಕೈ ಮುಗಿದು, ಎದುರಿಗೆ ಕೂತೆ. ಸ್ವಲ್ಪ ಹೊತ್ತಿಗೆ ದೇವರು ‘ಗುರ್ರ್’ ಅಂತು. ಮನೆಯಾಕೆ ತಟಕ್ಕನೆ ಕೆಮ್ಮಿದಳು. ದೇವರು ಸುಮ್ಮನಾಯಿತು, ಅವಳೂ ಸುಮ್ಮನಾದಳು. ಮತ್ತೆ ದೇವರು ಗುರ್ರ್ ಅಂದಾಗ ಅವಳಿಗೆ ಮತ್ತೆ ಕೆಮ್ಮು. ನನಗೆ ಅರ್ಥವಾಯಿತು. ಆದರೂ ಭಕ್ತಿಯಿಂದ ಕೂತೇ ಇದ್ದೆ.

ಕೆಡಿಸಿದ್ದು ಆ ಮನೆಯ ಅಜ್ಜಿ. “ಬಿಸ್ಲಲ್ ಬಂದಿದಾರೆ, ಮಜ್ಜಿಗೆ ಕೊಡಬಾರ್ದೇನೇ?” ಅಂತ ಕೋಲೂರಿಕೊಂಡು ಬಂದವರು, ಸೀರೆ ಸರಿಸಿ ದೇವರ ಬಾಗಿಲು ತೆಗೆದು, ಟೊಮೆಟೊ ಕೊತ್ತಂಬರಿಗಳ ನಡುವಿನಿಂದ ಮಜ್ಜಿಗೆ ಪಾತ್ರೆ ಹೊರಗೆ ತೆಗೆದರು. ಮನೆಯಾಕೆ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು.

“ಫ್ರಿಜ್ ಇದ್ರೆ ಕಾರ್ಡ್ ಹೋಗಲ್ಲಮ್ಮ, ಯಾರ್ ಹೇಳಿದ್ದು ನಿಮಗೆ?” ಅಂದೆ.

ಆಕೆಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಸಾರ್? ಇದನ್ನ ದೇವ್ರು ಮಾಡ್ದಾಗಿಂದ ನಮ್ಮತ್ತೆ ಸ್ನಾನ ಮಾಡ್ದೇ ಹಾಲು ಮುಟ್ಟಕ್ಕೂ ಬಿಡ್ತಿಲ್ಲ!”

ಕಾರ್ಡಿಗೆ ಬೀಳ್ಕೊಡುಗೆ

ಅರ್ಹತೆ ಇಲ್ಲದವರು ತಾವಾಗಿಯೇ ಕಾರ್ಡು ಹಿಂತಿರುಗಿಸಿ ಅಂತ ಸರ್ಕಾರ ಆಗಾಗ ಹೇಳುತ್ತದೆ. ಹೇಳುವುದು ಸರ್ಕಾರದ ಧರ್ಮ, ಕೇಳದಿರುವುದು ನಮ್ಮ ಧರ್ಮ. ಆದರೂ ಒಂದು ದಿನ ಯಶವಂತಪುರದಿಂದ ಒಬ್ಬ ಹಿರಿಯ ಹೆಂಗಸು ನಮ್ಮ ಕಚೇರಿ ಹುಡುಕಿಕೊಂಡು ಬಂದರು. ಮಗಳಿಗೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದು ಕೈಯಲ್ಲಿ ಕಾರ್ಡು. ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಡುವೆ ಕುಂಕುಮ ಇಟ್ಟಿದ್ದರು.

“ಇದೇನಮ್ಮ ಇದು?”

“ಇದ್ರಲ್ಲೇ ಸಾರ್ ನನ್ ಮಗ್ಳು ಉಂಡು ದೊಡ್ಡೋಳಾಗಿದ್ದು. ಅವ್ರಪ್ಪ ಕುಡ್ದು ಬಂದ ದಿನಾನೂ ಇದು ನಮಗ್ ಅನ್ನ ಹಾಕಿದೆ. ಹಂಗೇ ಬಿಸಾಕಿ ಹೋಗಕ್ ಆಗುತ್ತಾ? ತವರಿಗ್ ಕಳ್ಸೋ ಹಾಗೆ ಕಳಿಸ್ತಿದೀನಿ.”

ಡಬ್ಬಿಯಲ್ಲಿ ಹೋಳಿಗೆ ಇತ್ತು. ಯಾರ ಮನೆಗೂ ಪಾತ್ರೆ ಖಾಲಿ ಹಿಂತಿರುಗಿಸಬಾರದಲ್ಲ, ಕಾರ್ಡನ್ನೂ ಹಾಗೆ ಕೊಡಬಾರದು ಅನ್ನುವುದು ಆಕೆಯ ಲೆಕ್ಕ. ಕೊಡುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ವರ್ಷ ಜನ ಕಾರ್ಡು ಕೇಳಿ ಅತ್ತದ್ದನ್ನು ನೋಡಿದ್ದೆ, ಕೊಟ್ಟು ಅತ್ತವರನ್ನು ಅವತ್ತೇ ನೋಡಿದ್ದು. ಮೂಲೆಯ ಬೆಂಚಿನಲ್ಲಿ ಅಡುಗೆಯಮ್ಮ ಕೂತಿದ್ದಳು. ಅವಳಿಗೂ ಒಂದು ಹೋಳಿಗೆ ಕೊಟ್ಟೆವು. ಅದನ್ನು ಕಾಗದದಲ್ಲಿ ಸುತ್ತಿ ಅತ್ತೆಗೆ ಇಟ್ಟುಕೊಂಡಳು. “ನಾನ್ ಕೆಲ್ಸದ್ ಮನೇಲಿ ಉಂಡ್ಬಿಡ್ತೀನಿ ಸಾರ್. ಅವ್ರಿಗೆ ಮನೇಲೇ ಅನ್ನ ಆಗ್ಬೇಕಲ್ಲ. ಅಂಗ್ಡೀಲಿ ಅಕ್ಕಿ ಕೊಳ್ಳಕ್ ಆಗ್ತಿಲ್ಲ,” ಅಂದಳು. ಆ ಮಾತು ಕೇಳಿದ ಮೇಲೆ ನನಗೆ ಹೋಳಿಗೆ ಇಳಿಯುವುದು ಕಷ್ಟವಾಯಿತು.

ನಮ್ಮ ಜವಾನನಿಗೆ ಆ ತೊಂದರೆ ಆಗಲಿಲ್ಲ. ಉಳಿದ ಹೋಳಿಗೆಯನ್ನೆಲ್ಲ ಅವನೇ ಮುಗಿಸಿದ. ಮಾರನೆಯ ದಿನ ಬಾಗಿಲಲ್ಲಿ ನಿಂತು ಸಾಲಿನವರಿಗೆ ಕೂಗಿ ಹೇಳುತ್ತಿದ್ದ: “ಕಾರ್ಡ್ ವಾಪಸ್ ಕೊಡೋರು ಡಬ್ಬಿ ಸಮೇತ ಮುಂದೆ ಬನ್ನಿ, ಹೊಸಾದ್ ಕೇಳೋರು ಆಮೇಲೆ!”

ಹೆಣ್ಣು ನೋಡುವ ಶಾಸ್ತ್ರ

ಜಕ್ಕೂರಿನ ಹಳೇ ಊರಿನಲ್ಲಿ ಒಬ್ಬ ಯಜಮಾನರಿದ್ದರು. ದ್ರಾಕ್ಷಿ ತೋಟ ಇದ್ದಾಗಿನಿಂದ ನನಗೆ ಆ ಮನೆ ಗೊತ್ತು. ಆಗ ಅವರ ತಂದೆ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಹೋಗುತ್ತಿದ್ದವರು, ನಿಲ್ಲಿಸಿ ನನ್ನ ಬೊಗಸೆಗೆ ದ್ರಾಕ್ಷಿ ಸುರಿಯುತ್ತಿದ್ದರು. ಈಗ ಮಗ ಜಮೀನಿನಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಕಾರ್ಡು ಮಾತ್ರ ಅಪ್ಪನ ಕಾಲದ್ದೇ, ಬಿಪಿಎಲ್ಲು. ಒಂದು ದೂರು ಬಂತು. ಶುಕ್ರವಾರ ಬೆಳಿಗ್ಗೆ ಹೇಳದೆ ಕೇಳದೆ ತನಿಖೆಗೆ ಹೋದೆ.

ಬಾಗಿಲಿಗೆ ತೋರಣ, ಅಂಗಳದಲ್ಲಿ ರಂಗೋಲಿ, ಪಕ್ಕದಲ್ಲಿ ತೊಳೆದು ನಿಲ್ಲಿಸಿದ ದೊಡ್ಡ ಬಿಳಿ ಕಾರು. ನಾನು ಗೇಟು ತೆರೆದದ್ದೇ ಯಜಮಾನರು ಓಡಿ ಬಂದರು. ಅವರಿಗೆ ನನ್ನ ಗುರುತೇ ಸಿಗಲಿಲ್ಲ. “ಬನ್ನಿ ಬನ್ನಿ, ದಾರಿ ಸುಲಭವಾಗ್ ಸಿಕ್ತಾ?” ಅಂತ ಕೈ ಹಿಡಿದು ಸೋಫಾದಲ್ಲಿ ಕೂರಿಸಿದರು. ಅವರ ಹೆಂಡತಿ ತುಪ್ಪ ಸುರಿಯುವ ಕೇಸರಿಬಾತು ತಂದು ಕೈಗಿಟ್ಟರು. ಇಲಾಖೆಯ ಮೇಲೆ ಇಷ್ಟು ಪ್ರೀತಿಯನ್ನು ನಾನು ಎಲ್ಲೂ ಕಂಡಿರಲಿಲ್ಲ.

“ನೀವು ಹುಡುಗನ ದೊಡ್ಡಪ್ಪ ಅಲ್ವಾ?” ಅಂದರು ಯಜಮಾನರು.

“ಅಲ್ಲ ಸ್ವಾಮಿ. ನಾನು ಫುಡ್ ಇನ್‌ಸ್ಪೆಕ್ಟ್ರು. ನಿಮ್ ಬಿಪಿಎಲ್ ಕಾರ್ಡ್ ಚೆಕ್ ಮಾಡಕ್ ಬಂದೆ.”

ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಗೇಟಿನ ಹೊರಗೆ ನಿಜವಾದ ಬೀಗರ ಗಾಡಿ ಬಂದು ನಿಂತಿತು. “ಸಾರ್, ಮಗಳ್ ವಿಷ್ಯ, ಕಾಲಿಗ್ ಬೀಳ್ತೀನಿ...” ಅಂದರು. ಹೆಣ್ಣುಮಗುವಿನ ಶುಭಕಾರ್ಯ ಕೆಡಿಸುವ ಮನಸ್ಸು ನನಗೂ ಇರಲಿಲ್ಲ. ಅಲ್ಲದೆ ಕೇಸರಿಬಾತು ಇನ್ನೂ ಅರ್ಧ ಇತ್ತು. “ನಾನ್ ಸುಮ್ನೆ ಕೂತಿರ್ತೀನಿ, ನಿಮ್ ಕಾರ್ಯ ಮುಗೀಲಿ,” ಅಂದೆ.

ನಾನು ಸುಮ್ಮನೆ ಕೂತದ್ದೇ ಅವರಿಗೆ ಉರುಳಾಯಿತು. ಹುಡುಗನ ತಂದೆ ಮಾತಿಗೆ ತೊಡಗಿದರು.

“ಮನೆ ಭರ್ಜರಿಯಾಗ್ ಕಟ್ಸಿದೀರ, ಯಜಮಾನ್ರೆ!”

ಯಜಮಾನರು ನನ್ನ ಕಡೆ ನೋಡಿದರು. “ಏನೋ... ಮಳೆ ಬಂದ್ರೆ ನೆನೀಬಾರ್ದಲ್ಲ ಅಂತ.”

“ಬಾಡಿಗೆ ಗೀಡಿಗೆ ಚೆನ್ನಾಗ್ ಬರುತ್ತೆ ಅಂತ ಕೇಳ್ದೆ?”

ಮತ್ತೆ ನನ್ನ ಕಡೆ ಒಂದು ನೋಟ. “ಎಲ್ ಬರುತ್ತೆ... ಇವತ್ ಬಂದಿದ್ದು ಇವತ್ತಿಗೆ.”

ಕೇಸರಿಬಾತು ಕೊಟ್ಟು ಆಗಲೇ ಒಳಗೆ ಹೋಗಿದ್ದ ಅವರ ಹೆಂಡತಿಗೆ ನಾನು ಇನ್‌ಸ್ಪೆಕ್ಟರ್ ಅನ್ನುವುದು ಗೊತ್ತಿರಲಿಲ್ಲ. ಗಂಡನಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡು ಒಳಗಿನಿಂದಲೇ ಕೂಗಿದರು: “ಏನ್ರೀ ಹಂಗಂತೀರ! ಕೊಡಿಗೇಹಳ್ಳಿ ಬಿಲ್ಡಿಂಗ್ ಬಗ್ಗೆ ಹೇಳಿ!”

ಯಜಮಾನರು ಹೆಂಡತಿಯ ಕಡೆ ಕಣ್ಣು ಬಿಟ್ಟರು. ಹುಡುಗನ ಕಡೆಯವರು ಮುಖ ಮುಖ ನೋಡಿಕೊಂಡರು. ಸಂಬಂಧ ಜಾರುತ್ತಿರುವುದು ನನಗೇ ಕಾಣುತ್ತಿತ್ತು. ಕೊನೆಗೆ ಹುಡುಗನ ತಂದೆ ಕಿಟಕಿಯ ಕಡೆ ಕೈ ಮಾಡಿದರು. “ಆ ಬಿಳಿ ಕಾರಾದ್ರೂ ನಿಮ್ದೇನಾ?”

ನಮ್ಮದು ಅಂದರೆ ಕಾರ್ಡು ಹೋಗುತ್ತದೆ, ಅಲ್ಲ ಅಂದರೆ ಅಳಿಯ ಹೋಗುತ್ತಾನೆ. ಯಜಮಾನರ ಹಣೆ ಬೆವರಿತು. ಅವರು ಬೀಗರ ಮುಖ ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಹೇಳಿದರು: “ನಮ್ದಲ್ಲ. ಅದು... ನಮ್ ಅಡ್ಗೆ ಅಮ್ಮಂದು. ಬೇಕಾದ್ರೆ ಆರ್‌ಸಿ ಬುಕ್ ನೋಡಿ, ಅವಳ ಹೆಸ್ರೇ ಇದೆ!”

ಯಾವ ಅಡುಗೆಯಮ್ಮ ಅಂತ ನಾನು ತಲೆ ಎತ್ತಿದೆ. ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ನಮ್ಮ ಅಡುಗೆಯಮ್ಮ.

ಹುಡುಗನ ತಂದೆ ತೊಡೆ ತಟ್ಟಿದರು. “ಭಲೇ! ಅಡ್ಗೆಯೋರ್ಗೇ ಇಂಥಾ ಕಾರ್ ಕೊಡ್ಸಿರೋ ಮನೆ! ಇನ್ನ ಅಳಿಯನ್ನ ಹೆಂಗ್ ನೋಡ್ಕೊಬೋದು!” ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ ಹುಡುಗನೂ ನೆಟ್ಟಗೆ ಕೂತ.

ಅಡುಗೆಯಮ್ಮ ತಟ್ಟೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. “ಸಾರ್, ಇದೇನಾ ಆ ಕಾರು?”

“ಇದೇ ಕಣಮ್ಮ,” ಅಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಯಜಮಾನರ ಮುಂದೆ ಕೈ ಚಾಚಿದಳು. “ಹಂಗಾದ್ರೆ ಕೀ ಕೊಡಿ ಯಜಮಾನ್ರೆ. ಅತ್ತೆಗೆ ಅಕ್ಕಿ ತರಕ್ ಹೋಗ್ಬೇಕು.”

ಬೀಗರೆಲ್ಲ ನೋಡುತ್ತಿದ್ದರು. ಕೊಡದೆ ಬೇರೆ ದಾರಿ ಇರಲಿಲ್ಲ. ಯಜಮಾನರು ಜೇಬಿನಿಂದ ಕೀ ತೆಗೆದು ಅವಳ ಕೈಯಲ್ಲಿಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೂ ಆಗದವಳ ಹಾಗೆ ಎಲ್ಲರಿಗೂ ಕಾಫಿ ಕೊಟ್ಟಳು.

ಬೀಗರು ಹೊರಟ ಮೇಲೆ ವಿಷಯ ಬಯಲಾಯಿತು. ತಮ್ಮ ಹೆಸರಿನಲ್ಲಿ ಕಾರು ಕೊಂಡರೆ ಕಾರ್ಡು ಹೋಗುತ್ತದೆ ಅಂತ ಯಜಮಾನರು “ಇನ್ಶೂರೆನ್ಸ್ ಮಾಡಿಸ್ತೀನಿ” ಅಂದು ಅವಳ ಆಧಾರ್ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಇನ್ಶೂರೆನ್ಸ್ ಮಾಡಿಸಿದ್ದೇನೋ ನಿಜ, ಕಾರಿಗೆ. ಕೀ ಅವಳ ಸೊಂಟದಲ್ಲಿದ್ದುದರಿಂದ ಯಜಮಾನರು ಆಟೋ ಹಿಡಿದೇ ಸಾರಿಗೆ ಕಚೇರಿಗೆ ಓಡಾಡಿ ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು, ದಂಡ ಕಟ್ಟಿದರು, ಕಾರ್ಡು ಒಪ್ಪಿಸಿದರು. ಸಂಬಂಧವೂ ಕುದುರಿತು. ಇವಳ ಕಾರ್ಡು ಮತ್ತೆ ಜೀವ ಪಡೆಯಿತು. ನನ್ನ ನೌಕರಿಯಲ್ಲಿ ಅಷ್ಟು ಖುಷಿಯಿಂದ ನಾನು ಬೇರೆ ಯಾವ ಕಾರ್ಡಿಗೂ ಸಹಿ ಹಾಕಿಲ್ಲ.

ಅಕ್ಕಿ ಸಿಕ್ಕ ದಿನ ಅವಳು ಚೀಲವನ್ನು ಕಂಕುಳಲ್ಲಿಟ್ಟುಕೊಂಡೇ ಕಚೇರಿಗೆ ಬಂದಳು. ಅದೇ ಬೆಂಚಿನ ಮೇಲೆ ಚೀಲ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಯಜಮಾನ್ರ ಮೇಲೆ ತುಂಬಾ ಕೋಪ ಇರ್ಬೇಕು, ಅಲ್ವೇನಮ್ಮ?” ಅಂದೆ.

“ಕೋಪ ಯಾಕ್ ಸಾರ್?” ಅಂದಳು. “ಇಷ್ಟ್ ದಿನ ನನ್ ಕಾರ್ನ ಒಂದ್ ಗೀರೂ ಬೀಳ್ದಂಗ್ ಓಡ್ಸಿದಾರೆ. ಪೆಟ್ರೋಲೂ ಅವ್ರೇ ಹಾಕುಸ್ಕೊತಿದ್ರು. ಸಂಬ್ಳ ಕೇಳ್ದೇ ಇರೋ ಅಂಥಾ ಡ್ರೈವರ್ರು ಎಲ್ ಸಿಗ್ತಾರೆ ಹೇಳಿ?”